ಹನಿ ಹನಿ ಕೂಡಿದರೆ ಪ್ಲಂಬರು

"ಐದು ನಿಮಿಷದ ಕೆಲಸ" ಎಂದು ಗಂಡಸರ ಬಾಯಿಂದ ಬಂದ ಕೂಡಲೇ ಬುದ್ಧಿವಂತ ಹೆಂಗಸಾದವಳು ಮಾಡಬೇಕಾದ್ದು ಇಷ್ಟು: ಮನೆಯಲ್ಲಿರುವ ಬಕೆಟ್ಟು, ಕೊಳಗ, ಹಂಡೆ, ಕುಕ್ಕರು ಎಲ್ಲದಕ್ಕೂ ನೀರು ತುಂಬಿಟ್ಟುಕೊಳ್ಳುವುದು, ಮಧ್ಯಾಹ್ನದ ಅಡುಗೆಯನ್ನು ಬೆಳಗ್ಗೆಯೇ ಮುಗಿಸುವುದು, ಆ ದಿನ ಯಾರನ್ನೂ ಊಟಕ್ಕೆ ಕರೆಯದಿರುವುದು. ಕರೆಂಟಿನ ಕೆಲಸವಾದರೆ ಇದರ ಜೊತೆಗೆ ಒಂದು ಮೇಣದಬತ್ತಿ. ಗೋಡೆಗೆ ಮೊಳೆ ಹೊಡೆಯುವುದಾದರೆ ಅರಿಸಿನದ ಪುಡಿ ಮತ್ತು ಒಂದು ಬಟ್ಟೆ ಚೂರು. ಇದನ್ನೆಲ್ಲ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಮದುವೆಯಾದವರಿಗೆ ತಾನಾಗಿಯೇ ಬರುವ ವಿದ್ಯೆ.

ನಮ್ಮ ಮನೆಯವರು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಜಗತ್ತು ಹೇಗೆ ನಡೆಯುತ್ತದೆ ಎನ್ನುವುದು ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಮನೆ ಹೇಗೆ ನಡೆಯುತ್ತದೆ ಎನ್ನುವುದು ನನ್ನ ಮತ್ತು ಅತ್ತೆಯವರ ಖಾತೆ. ಇಷ್ಟು ವರ್ಷ ಈ ಏರ್ಪಾಟಿಗೆ ಯಾವ ಕುಂದೂ ಬಂದಿರಲಿಲ್ಲ. ನಿವೃತ್ತಿಯಾದ ಮೇಲೆ ಅವರಿಗೆ ನಮ್ಮ ಖಾತೆಯ ಮೇಲೆ ಕಣ್ಣು ಬಿತ್ತು.

ನಡೆದದ್ದು ಇಷ್ಟೆ. ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕಲು ಶುರುಮಾಡಿತು. ಹಳೇ ಹಿತ್ತಾಳೆ ನಲ್ಲಿ, ಮನೆ ಕಟ್ಟಿಸುವಾಗ ಮಾವನವರು ಮುಂದೆ ನಿಂತು ಹಾಕಿಸಿದ್ದು. ಅತ್ತೆಯವರು ಅದಕ್ಕೆ ಅವತ್ತೇ ಪರಿಹಾರ ಮಾಡಿದರು. ಹಳೇ ಪಂಚೆಯ ಅಂಚು ಹರಿದು ಒಂದು ತುದಿಯನ್ನು ನಲ್ಲಿಯ ಮೂತಿಗೆ ಕಟ್ಟಿ, ಇನ್ನೊಂದನ್ನು ಬಕೆಟ್ಟಿನೊಳಕ್ಕೆ ಇಳಿಬಿಟ್ಟರು. ನೀರು ಬಟ್ಟೆಗುಂಟ ಸದ್ದಿಲ್ಲದೆ ಇಳಿಯಿತು. ಬೆಳಗ್ಗೆ ಬಕೆಟ್ಟಿನಲ್ಲಿ ಕೂಡಿದ್ದ ನೀರಿನಿಂದ ಹೊಸಿಲು ತೊಳೆದು ರಂಗೋಲಿ ಹಾಕಿದರು. ಮರ್ಯಾದೆಯಾಗಿ ಇಲ್ಲಿಗೆ ಈ ಹರಟೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಇವರು ಬಚ್ಚಲಿಗೆ ಹೋದವರು ಪಂಚೆ ಅಂಚನ್ನು ಕೈಯಲ್ಲಿ ಹಿಡಿದು ಹೊರಗೆ ಬಂದರು. "ಸೆಕೆಂಡಿಗೆ ಒಂದು ಹನಿ ಅಂದ್ರೆ ದಿನಕ್ಕೆ 86,400 ಹನಿ, ಗೊತ್ತಾ?"

"ಎಣಿಸಿದ್ರಾ?"

"ಎಣಿಸೋದ್ಯಾಕೆ, ಗುಣಿಸಿದರೆ ಸಾಕು."

ಆಮೇಲೆ ಅನುಮಾನ ಬಂದಿತೇನೋ, ಮಣೆ ಹಾಕಿಕೊಂಡು ಕೈಗಡಿಯಾರ ಹಿಡಿದು ಬಚ್ಚಲಲ್ಲೇ ಕೂತರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸಂತೋಷದ ಉದ್ಗಾರ. ಹನಿಗಳು ಸಮನಾಗಿ ಬೀಳುತ್ತಿಲ್ಲವಂತೆ! ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್‌ನಲ್ಲಿ ರಾಬರ್ಟ್ ಶಾ ಎಂಬ ಭೌತವಿಜ್ಞಾನಿ ತೊಟ್ಟಿಕ್ಕುವ ನಲ್ಲಿಯ ಮೇಲೆ 1984ರಲ್ಲಿ ಒಂದು ಪುಸ್ತಕವನ್ನೇ ಹೊರತಂದಿದ್ದಾನಂತೆ. ನೀರು ತೀರಾ ನಿಧಾನವಾದರೆ ಹನಿಗಳು ಲೆಕ್ಕವಿಟ್ಟು ಬೀಳುತ್ತವೆ. ಒಂದಿಷ್ಟು ಹೆಚ್ಚಿದರೆ ಉದ್ದ ವಿರಾಮ, ಗಿಡ್ಡ ವಿರಾಮ ಎಂದು ಜೋಡಿಯಾಗುತ್ತವೆ. ಇನ್ನೂ ಹೆಚ್ಚಿದರೆ ಮುಂದಿನ ಹನಿ ಯಾವಾಗ ಬೀಳುತ್ತದೆ ಎಂದು ಹೇಳುವುದೇ ಕಷ್ಟ. ಅದಕ್ಕೆ ಕೇಯಾಸ್ ಎಂದು ಹೆಸರು.

"ಅಷ್ಟು ದಿನ ನಲ್ಲಿ ಸೋರಿಸಿಕೊಂಡು ಕೂತಿದ್ರೆ ಮನೇಲಿ ಯಾರೂ ಏನೂ ಅನ್ನಲಿಲ್ವಂತಾ?" ಎಂದು ಕೇಳಿದೆ.

"ಅದು ಪ್ರಯೋಗಾಲಯ ಕಣೇ."

"ಇದು ಬಚ್ಚಲು. ಎದ್ದು ಬನ್ನಿ."

ಎದ್ದು ಬರುವಾಗ ಇನ್ನೊಂದು ನೆನಪಾಯಿತು. ಹನಿ ಬಿದ್ದಾಗ ಬರುವ 'ಟುಳುಕ್' ಶಬ್ದ ನೀರಿಗೆ ನೀರು ಬಡಿದು ಬರುವುದಲ್ಲ. ಹನಿ ಬಿದ್ದಲ್ಲಿ ಒಂದು ಗುಳಿಯಾಗಿ, ಅದರ ಅಡಿಯಲ್ಲಿ ಪುಟ್ಟ ಗಾಳಿಗುಳ್ಳೆಯೊಂದು ಸಿಕ್ಕಿಬಿದ್ದು, ಆ ಗುಳ್ಳೆ ಕಂಪಿಸಿ ಬರುವ ಸದ್ದು. ಇದನ್ನು 2018ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ವೇಗದ ಕ್ಯಾಮೆರಾ, ನೀರೊಳಗಿನ ಮೈಕು ಇಟ್ಟು ಖಚಿತಪಡಿಸಿದರು. ಆ ತಂಡದ ಅನುರಾಗ್ ಅಗರ್ವಾಲ್‌ಗೆ ಬ್ರೆಜಿಲ್‌ನಲ್ಲಿ ಗೆಳೆಯರ ಮನೆಗೆ ಹೋಗಿದ್ದಾಗ ಸೋರುವ ಸೂರಿನ ಸದ್ದಿಗೆ ನಿದ್ದೆ ಬಾರದೆ ಈ ಪ್ರಶ್ನೆ ಹುಟ್ಟಿತಂತೆ. ಪರಿಹಾರವನ್ನೂ ಅವರೇ ಹೇಳಿದ್ದಾರೆ: ಕೆಳಗಿನ ಬಕೆಟ್ಟಿನ ನೀರಿಗೆ ಒಂದಿಷ್ಟು ಪಾತ್ರೆ ತೊಳೆಯುವ ಸೋಪು ಹಾಕಿದರೆ ಸದ್ದು ನಿಲ್ಲುತ್ತದೆ.

ಅತ್ತೆಯವರು ಎಲ್ಲವನ್ನೂ ಕೇಳಿಸಿಕೊಂಡು, "ಸೋಪಿನ ನೀರಲ್ಲಿ ನಾನು ತುಳಸಿ ಕಟ್ಟೆ ತೊಳೆಯೋದು ಹೇಗೋ? ನನ್ನ ಪಂಚೆ ಅಂಚಿಗೆ ಏನಾಗಿತ್ತು?" ಎಂದರು.

ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿರಲಿಲ್ಲ. ಅದಕ್ಕೇ ಇವರು ಆ ಮಾತನ್ನು ಹೇಳಿಬಿಟ್ಟರು. "ವಾಷರ್ ಹೋಗಿದೆ ಅಷ್ಟೇ ಅಮ್ಮ. ಐದು ನಿಮಿಷದ ಕೆಲಸ."

ನಾನು ಎದ್ದು ಹಂಡೆಗೆ ನೀರು ತುಂಬಿದೆ.

ನಲ್ಲಿಯ ಒಳಗೆ ಏನಿರುತ್ತದೆ ಎಂಬುದನ್ನು ಇವರು ಕ್ಯಾಲೆಂಡರಿನ ಹಿಂದೆ ಚಿತ್ರ ಬಿಡಿಸಿ ವಿವರಿಸಿದರು, ಚೆನ್ನಾಗಿಯೇ ವಿವರಿಸಿದರು. ಒಳಗೊಂದು ತೂತು, ತೂತಿನ ಸುತ್ತ ನಯವಾದ ಹಿತ್ತಾಳೆಯ ಅಂಚು. ಮೇಲಿನಿಂದ ತಿರುಪಿನ ಕಂಬವೊಂದು ಇಳಿದು, ತುದಿಯಲ್ಲಿರುವ ರಬ್ಬರ್ ಬಿಲ್ಲೆಯನ್ನು ಆ ತೂತಿನ ಮೇಲೆ ಒತ್ತುತ್ತದೆ. ನೀರು ನಿಲ್ಲುತ್ತದೆ. ಇಂಗ್ಲೆಂಡಿನ ರಾದರ್‌ಹ್ಯಾಮ್ ಎಂಬಲ್ಲಿನ ಹಿತ್ತಾಳೆ ಎರಕದವರು 1845ರಲ್ಲಿ ಇದಕ್ಕೆ ಪೇಟೆಂಟು ಮಾಡಿಸಿಕೊಂಡರು. ಮಾವನವರು ಹಾಕಿಸಿದ ನಲ್ಲಿಯೂ ಆ ವಂಶದ್ದೇ. ರಬ್ಬರ್ ಸವೆದಾಗ ಹನಿ ಬೀಳುತ್ತದೆ. ಹನಿ ಬಿದ್ದಾಗ ನಾವು ಇನ್ನೂ ಬಿಗಿಯಾಗಿ ತಿರುಗಿಸುತ್ತೇವೆ. ಬಿಗಿ ಮಾಡಿದಷ್ಟೂ ರಬ್ಬರ್ ಕತ್ತರಿಸುತ್ತದೆ, ಆಮೇಲೆ ಹಿತ್ತಾಳೆಯ ಅಂಚಿಗೇ ಗೀರು ಬೀಳುತ್ತದೆ. ಅಲ್ಲಿಗೆ ಹೊಸ ವಾಷರ್ ಹಾಕಿದರೂ ಕೆಲಸಕ್ಕೆ ಬಾರದು.

ಇಷ್ಟು ಹೇಳಿ ಇವರು ಅತ್ತೆಯವರ ಕಡೆ ನೋಡಿದರು. ಅತ್ತೆಯವರು ನಲ್ಲಿಯನ್ನು ನಿಲ್ಲಿಸುವುದು ವರ್ಷದ ಮಾವಿನಮಿಡಿ ಹಾಕಿ ಉಪ್ಪಿನಕಾಯಿ ಜಾಡಿಯ ಬಾಯಿ ಬಿಗಿದ ಹಾಗೆ. ಆಮೇಲೆ ಇನ್ನೊಬ್ಬರು ಬಿಚ್ಚಬೇಕಾದರೆ ಕುಲದೇವರನ್ನು ನೆನೆಯಬೇಕು.

"ನನ್ನನ್ಯಾಕೋ ನೋಡ್ತೀಯಾ? ನಿಮ್ಮಪ್ಪ ಇದ್ದಾಗ ಸೋರ್ತಿತ್ತಾ?"

ಈ ಕಾಟ ದೊಡ್ಡ ದೊಡ್ಡವರನ್ನೂ ಬಿಟ್ಟಿಲ್ಲ ಎನ್ನುವುದು ಇವರ ಸಮಾಧಾನ. ಲಾರ್ಡ್ ಕೆಲ್ವಿನ್ ಅಂದರೆ ಸಾಮಾನ್ಯನೇ? ಉಷ್ಣತೆಯ ಅಳತೆಗೇ ಅವನ ಹೆಸರಿಟ್ಟಿದ್ದಾರೆ. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಎಳೆಸುವುದರಲ್ಲಿ ಅವನ ಬುದ್ಧಿ ಇತ್ತು. ಅಂಥವನೂ ಕೊನೆಗೆ ವಾಷರ್ ಬೇಡದ ನಲ್ಲಿಯೊಂದನ್ನು ರೂಪಿಸಿ ಪೇಟೆಂಟು ತೆಗೆದುಕೊಂಡ. ಸಾಗರಕ್ಕೆ ತಂತಿ ಎಳೆದವನಿಗೂ ಬಚ್ಚಲು ಬಗೆಹರಿಸದೆ ಗತಿಯಿರಲಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಇವರು ಅದನ್ನು ಸ್ಫೂರ್ತಿ ಎಂದು ಅರ್ಥ ಮಾಡಿಕೊಂಡರು.

ಸರಿ, ವಾಷರ್ ಬದಲಾಯಿಸಲು ಮೊದಲು ನಲ್ಲಿ ಬಿಚ್ಚಬೇಕು. ನಲ್ಲಿ ಬಿಚ್ಚಲು ಮೊದಲು ನೀರು ನಿಲ್ಲಿಸಬೇಕು. ನೀರು ನಿಲ್ಲಿಸಲು ಮಹಡಿ ಮೇಲಿನ ವಾಲ್ವ್ ತಿರುಗಿಸಬೇಕು. ಮನೆ ರಿಪೇರಿಯ ಕಷ್ಟವೆಲ್ಲ ಇಲ್ಲೇ ಇರುವುದು ನೋಡಿ. ಮಾಡಬೇಕಾದ ಕೆಲಸ ಸುಲಭ. ಅದಕ್ಕೆ ಮುಂಚೆ ಮಾಡಬೇಕಾದ ಕೆಲಸ ಕಷ್ಟ. ಅದಕ್ಕೂ ಮುಂಚಿನದು ಅಸಾಧ್ಯ. ಕ್ಯಾಲೆಂಡರಿನ ಹಿಂದಿನ ಚಿತ್ರದಲ್ಲಿ ವಾಷರ್ ಮಾತ್ರ ಇತ್ತು. ಮಹಡಿ ಇರಲಿಲ್ಲ.

ಮಹಡಿಯ ಮೇಲೆ ಟ್ಯಾಂಕಿನ ಬುಡದಿಂದ ಹೊರಟ ಪೈಪುಗಳು ಕವಲೊಡೆದು ನಾಲ್ಕಾರು ಕಡೆ ಇಳಿಯುತ್ತವೆ. ಪ್ರತಿಯೊಂದಕ್ಕೂ ಒಂದು ಗೇಟ್ ವಾಲ್ವ್, ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಚಕ್ರ. ಯಾವುದು ಅಡುಗೆಮನೆಗೆ, ಯಾವುದು ಬಚ್ಚಲಿಗೆ, ಯಾವುದು ಬಾಡಿಗೆಯವರಿಗೆ ಎಂದು ತಿಳಿದಿದ್ದವರು ಮಾವನವರು. ಅವರು ವಿಲ್ಲು ಬರೆದಿಟ್ಟು ಹೋದರು, ಮನೆಯ ಕಂದಾಯದ ರಸೀತಿಗಳನ್ನು ವರ್ಷವಾರು ಕಟ್ಟಿ ಇಟ್ಟು ಹೋದರು. ವಾಲ್ವಿನ ವಿಷಯ ಎಲ್ಲೂ ಬರೆದಿರಲಿಲ್ಲ.

ಇವರು ತರ್ಕದಿಂದ ಒಂದನ್ನು ಆರಿಸಿ ತಿರುಗಿಸಿದರು. ಅಲ್ಲಾಡಲಿಲ್ಲ. ಗೇಟ್ ವಾಲ್ವಿನ ಗುಣವೇ ಹಾಗೆ. ವರ್ಷಗಟ್ಟಲೆ ಪೂರ್ತಿ ತೆರೆದೇ ಇಟ್ಟರೆ ಅದು ಹಾಗೇ ಕಚ್ಚಿಕೊಳ್ಳುತ್ತದೆ. ಆಗಾಗ ಒಂದು ಸುತ್ತು ಆಡಿಸಿ ಬಿಡುತ್ತಿರಬೇಕು. ನಮ್ಮ ಟ್ಯಾಂಕಿಗೆ ಕಾವೇರಿಯೂ ಬರುತ್ತಾಳೆ, ಬೋರ್‌ವೆಲ್ ನೀರೂ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರಲ್ಲಿರುವ ಸುಣ್ಣ ಸಂದುಗೊಂದಿಯಲ್ಲೆಲ್ಲ ಪೊರೆಗಟ್ಟಿ ಕೂತಿರುತ್ತದೆ. ಇವರು ಕೊಬ್ಬರಿ ಎಣ್ಣೆ ಬಿಟ್ಟರು. ಸೀಮೆಎಣ್ಣೆ ಕೇಳಿದರು, ಈ ಕಾಲದಲ್ಲಿ ಸೀಮೆಎಣ್ಣೆ ಯಾರ ಮನೆಯಲ್ಲಿದೆ? ಪಕ್ಕದ ಮನೆ ರಾಯರು ಡಬ್ಲ್ಯೂಡಿ-40 ಎಂಬ ನೀಲಿ ಹಳದಿ ಡಬ್ಬಿ ತಂದುಕೊಟ್ಟರು. ನೀರು ಓಡಿಸುವ ದ್ರಾವಣಕ್ಕಾಗಿ 1953ರಲ್ಲಿ ಹುಡುಕಾಡಿ, ನಲವತ್ತನೇ ಪಾಕಕ್ಕೆ ಸರಿಹೋಗಿದ್ದರಿಂದ ಅದಕ್ಕೆ ಆ ಹೆಸರಂತೆ. ಮೂವತ್ತೊಂಬತ್ತು ಸಲ ಪಾಕ ಕೆಡಿಸಿದವರನ್ನು ಹೊಗಳುತ್ತಾರೆ. ನನ್ನ ಮೈಸೂರುಪಾಕು ಒಂದು ಸಲ ಗಟ್ಟಿಯಾದದ್ದನ್ನು ಈ ಮನೆಯಲ್ಲಿ ಇನ್ನೂ ಯಾರೂ ಮರೆತಿಲ್ಲ.

ಡಬ್ಬಿಯ ಮಹಿಮೆಯಿಂದ ಚಕ್ರ ತಿರುಗಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಹೋಯಿತು. ಬಚ್ಚಲಲ್ಲಿ ನೀರು ನಿಲ್ಲಲಿಲ್ಲ. ಒಳಗಿನ ಗೇಟು ಕಂಬದಿಂದ ಕಳಚಿಕೊಂಡರೆ ಹಾಗಾಗುತ್ತದಂತೆ. ಚಕ್ರಕ್ಕೂ ಗೇಟಿಗೂ ಸಂಬಂಧವೇ ಇರುವುದಿಲ್ಲ. ಅದು ಯಾವ ವಾಲ್ವ್ ಎಂದು ಗೊತ್ತಾಗದೆ ಇವರು ಉಳಿದವನ್ನೂ ಒಂದೊಂದಾಗಿ ತಿರುಗಿಸತೊಡಗಿದರು. ಮಧ್ಯೆ ಎಲ್ಲೋ ಒಂದು ಮನೆಯ ನೀರು ನಿಂತಿತು. ಅದು ನಮ್ಮ ಮನೆಯಾಗಿರಲಿಲ್ಲ. ಮಹಡಿ ಮನೆಯ ಬಾಡಿಗೆ ಹುಡುಗ, ಪಾಪ, ಆಫೀಸಿಗೆ ಹೊರಡುವ ಆತುರದಲ್ಲಿ ಮೈಗೆಲ್ಲ ಸೋಪು ಹಚ್ಚಿಕೊಂಡು, ಟವೆಲ್ ಸುತ್ತಿಕೊಂಡು ಬಾಗಿಲ ಸಂದಿನಿಂದ "ಅಂಕಲ್, ಅಂಕಲ್" ಎಂದು ಕೂಗುತ್ತಿದ್ದ. ಅಂಕಲ್‌ಗೆ ಮಹಡಿಯ ಗಾಳಿಯಲ್ಲಿ ಕೇಳಿಸಲಿಲ್ಲ. ನಾನೇ ಹಂಡೆಯಿಂದ ಒಂದು ಬಕೆಟ್ಟು ನೀರು ಮೇಲಕ್ಕೆ ಕಳಿಸಿದೆ.

ಉಳಿದ ದಾರಿ ಒಂದೇ. ಟ್ಯಾಂಕನ್ನೇ ಖಾಲಿ ಮಾಡುವುದು.

ಬೆಂಗಳೂರಿನಲ್ಲಿ ತುಂಬಿದ ಟ್ಯಾಂಕು ಖಾಲಿ ಮಾಡುವುದೆಂದರೆ ಏನು ಗೊತ್ತೇ? ಆ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬಂದದ್ದು. ಕಾವೇರಿ ತಾನಾಗಿ ಇಲ್ಲಿಗೆ ಹರಿದು ಬರುವವಳಲ್ಲ. ನಮ್ಮ ಊರು ಎತ್ತರದಲ್ಲಿ, ಅವಳು ತಗ್ಗಿನಲ್ಲಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಿ ತರುತ್ತಾರೆ. 1974ರಲ್ಲಿ ಮೊದಲ ಹಂತದ ನೀರು ಬಂದಾಗಿನಿಂದ ಇದೇ ಕಥೆ. 2024ರಲ್ಲಿ ಐದನೇ ಹಂತವೂ ಆಯಿತು. ಅಷ್ಟು ಹತ್ತಿಸಿ ತಂದ ನೀರನ್ನು ನಮ್ಮ ಸಂಪಿನಿಂದ ಮೋಟರು ಇನ್ನೊಂದಿಷ್ಟು ಹತ್ತಿಸಿ ಮಹಡಿಗೆ ಏರಿಸಿದೆ. ಅದನ್ನು ಕೆಳಕ್ಕೆ ಇಳಿಸುವುದು ಒಂದು ರಬ್ಬರ್ ಬಿಲ್ಲೆಗಾಗಿ! 86,400 ಹನಿ ಎಂದು ಪಾಠ ಹೇಳಿದವರೇ ಟ್ಯಾಂಕಿನ ಬಿರಡೆ ತೆಗೆಯಲು ಹೊರಟಾಗ ನಾನು ಬಾಯಿಬಿಟ್ಟು ಏನೂ ಅನ್ನಲಿಲ್ಲ. ನನ್ನ ಮುಖದಲ್ಲಿ ಏನಿತ್ತೋ ಗೊತ್ತಿಲ್ಲ, ಇವರು ಮಾತ್ರ ಕನ್ನಡಕ ಒರೆಸಿಕೊಂಡರು.

ಚೆಲ್ಲಲು ನಾವು ಬಿಡಲಿಲ್ಲ ಅನ್ನಿ. ಅತ್ತೆಯವರ ಸಾರಥ್ಯದಲ್ಲಿ ಮನೆಯ ಪಾತ್ರೆಪಡಗವೆಲ್ಲ ಹೊರಗೆ ಬಂತು. ಶ್ರಾದ್ಧಕ್ಕೆ ಮಾತ್ರ ಇಳಿಸುವ ಕೊಪ್ಪರಿಗೆ ಅಟ್ಟದಿಂದ ಇಳಿಯಿತು. ತೊಟ್ಟಿಲಂಥದ್ದೊಂದು ಪ್ಲಾಸ್ಟಿಕ್ ಟಬ್ಬು, ಮೊಮ್ಮಗಳಿಗೆ ತಂದದ್ದು, ಅದೂ ತುಂಬಿತು. ಬಾಡಿಗೆ ಹುಡುಗನ ಬಕೆಟ್ಟುಗಳೂ ತುಂಬಿದವು. ಆಮೇಲೂ ಉಳಿದದ್ದು ಕರಿಬೇವಿನ ಗಿಡಕ್ಕೆ ಹೋಯಿತು. 2024ರ ಮಾರ್ಚಿನ ಬರದಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೊರಡಿಸಿದ ಆದೇಶ ರಾಯರಿಗೆ ಇನ್ನೂ ಬಾಯಿಪಾಠ. ಕಾಂಪೌಂಡಿನ ಆಚೆ ನಿಂತು ಕರಿಬೇವನ್ನೂ ನಮ್ಮನ್ನೂ ನೋಡುತ್ತಿದ್ದರು. "ಐರನ್ ಕಡಿಮೆ ಆಗಿದೆಯಂತೆ ಗಿಡಕ್ಕೆ, ಪೈಪಿನ ತುಕ್ಕು ಒಳ್ಳೇದು" ಎಂದು ಇವರು ಅಂದರು. ರಾಯರು ನಂಬಿದ ಹಾಗೆ ಕಾಣಲಿಲ್ಲ.

ಈಗ ಬಿಚ್ಚುವ ಕೆಲಸ. ಎಡಕ್ಕೆ ತಿರುಗಿಸಿದರೆ ಸಡಿಲ, ಬಲಕ್ಕೆ ಬಿಗಿ. ಇದು ಎಲ್ಲರಿಗೂ ಗೊತ್ತು. ಆದರೆ ಬಚ್ಚಲ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕತ್ತು ಓರೆ ಮಾಡಿ, ಬಲಗೈಯನ್ನು ಬಕೆಟ್ಟಿನ ಮೇಲಿಂದ ತೂರಿಸಿ ಪಾನಾ ಹಿಡಿದವನಿಗೆ ಎಡ ಯಾವುದು? ಇವರು ಎಡ ಎಂದುಕೊಂಡದ್ದನ್ನು ಬಾಗಿಲಲ್ಲಿ ನಿಂತ ರಾಯರು ಬಲ ಎಂದರು. "ನೀವು ಆ ಕಡೆಯಿಂದ ನೋಡ್ತಿದೀರಿ ರಾಯರೇ." "ಯಾವ ಕಡೆಯಿಂದ ನೋಡಿದರೂ ನೀವು ಬಿಗಿ ಮಾಡ್ತಿದೀರಿ ಸಾರ್." ವಾದ ನಡೆಯುತ್ತಿದ್ದಂತೆಯೇ ಏನೋ ತಿರುಗಿತು. ನಲ್ಲಿಯ ತಲೆ ತಿರುಗಲಿಲ್ಲ, ನಲ್ಲಿಯೇ ತಿರುಗಿತು. ಗೋಡೆಯೊಳಗಿಂದ ಒಂದು ಸದ್ದು ಬಂತು. ಕೇಂಬ್ರಿಜ್‌ನವರು ಇನ್ನೂ ಅಧ್ಯಯನ ಮಾಡಿರದ ಸದ್ದು. ಇಡೀ ನಲ್ಲಿ ಇವರ ಕೈಗೆ ಬಂತು. ಅದರ ಹಿಂಬದಿಗೆ ಕಂದು ಬಣ್ಣದ ಒಂದು ಮುರುಕು ಪೈಪು ತುಂಡು ಅಂಟಿಕೊಂಡಿತ್ತು. ಉಳಿದರ್ಧ ಗೋಡೆಯೊಳಗೆ, ಪೈಪು ಬಾಗುವಲ್ಲಿನ ಎಲ್ಬೋದ ಹೊಟ್ಟೆಯಲ್ಲಿ. ಎಳೆದ ರಭಸಕ್ಕೆ ಪಕ್ಕದ ಟೈಲು ಬಿರುಕು ಬಿಟ್ಟಿತು. ಆ ಟೈಲಿನ ವಿಷಯ ಎತ್ತಬೇಡಿ. ತಿಳಿಗುಲಾಬಿ ಬಣ್ಣದ್ದು, ಈಗ ಎಲ್ಲೂ ಸಿಗುವುದಿಲ್ಲ.

"ಹಿತ್ತಾಳೆಯೂ ಕಬ್ಬಿಣವೂ ಒದ್ದೆಯಲ್ಲಿ ಒಂದಕ್ಕೊಂದು ತಗುಲಿಕೊಂಡಿದ್ದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ," ಎಂದರು ಇವರು ನೆಲದ ಮೇಲಿಂದಲೇ. "ಮೊದಲು ಮೇಲಿನ ಸತುವಿನ ಲೇಪ ಹೋಗುತ್ತೆ, ಆಮೇಲೆ..."

"ಆಮೇಲೆ ಗೊತ್ತಾಯಿತು ಬಿಡಿ," ಎಂದೆ. ರಾಯರು ಯಾವಾಗಲೋ ಮನೆಗೆ ಹೋಗಿದ್ದರು.

ಮುರುಕನ್ನು ಕಾಗದದಲ್ಲಿ ಸುತ್ತಿಕೊಂಡು ಅಂಗಡಿಗೆ ಹೊರಟರು. ನಾನೂ ಜೊತೆಗೆ ಹೋದೆ. ಇಂಥ ಹೊತ್ತಿನಲ್ಲಿ ಅವರೊಬ್ಬರನ್ನೇ ಬಿಟ್ಟರೆ ಅಂಗಡಿಯವನಿಗೆ ಪಾಠ ಶುರುವಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿಗಳಲ್ಲಿ ಎರಡು ಜಾತಿ. ಒಂದು, ಬಾಯಿ ಬಿಡದೆ ಕೈಯಲ್ಲಿದ್ದ ತುಂಡನ್ನು ಗಲ್ಲಾದ ಮೇಲೆ ಕುಕ್ಕಿ ಸಾಮಾನು ತೆಗೆದುಕೊಂಡು ಹೋಗುವವರು. ಇನ್ನೊಂದು ಜಾತಿಯವರು ಬಾಯಿಬಿಟ್ಟು ಕೇಳುತ್ತಾರೆ.

"ಒಂದು ಅರ್ಧ ಇಂಚಿನ ನಲ್ಲಿ ಕೊಡಿ."

"ಶಾರ್ಟ್ ಬಾಡಿನಾ ಲಾಂಗ್ ಬಾಡಿನಾ ಸಾರ್?"

ಇವರು ನನ್ನನ್ನು ನೋಡಿದರು. ನಾನು ರಸ್ತೆ ನೋಡಿದೆ.

"ಕ್ವಾರ್ಟರ್ ಟರ್ನಾ, ಹಳೇ ಥರದ್ದಾ? ಫೋಮ್ ಬೇಕಾ? ಸಿ.ಪಿ. ಬೇಕಾ, ಪಿ.ಟಿ.ಎಂ.ಟಿ. ಸಾಕಾ? ಫ್ಲ್ಯಾಂಜ್ ಐತಾ? ಗೋಡೆ ಒಳಗೆ ಎಷ್ಟು ಹೋಗಿದೆ, ಎಕ್ಸ್‌ಟೆನ್ಶನ್ ಬೇಕಾಗ್ತದಾ?"

ಕಾಲೇಜಿನಲ್ಲಿ ಹುಡುಗರಿಗೆ ಇವರು ವೈವಾ ಮಾಡುತ್ತಿದ್ದಾಗ ಅವರ ಮುಖ ಹೇಗಿರುತ್ತಿತ್ತೆಂದು ಅವತ್ತು ಕಂಡೆ. ಉತ್ತರ ಹೊಳೆಯದೆ ಇವರು ಜೇಬಿನಿಂದ ಸ್ಕೇಲು ತೆಗೆದು ಮುರುಕನ್ನು ಅಳೆದರು. ಅಳೆದವರೇ ಬೆಚ್ಚಿದರು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಸ್ಕೇಲು 21 ತೋರಿಸುತ್ತಿತ್ತು. ಅಂಗಡಿಯ ಗೋಡೆಯ ಮೇಲಿನ ಪಟ್ಟಿಯಲ್ಲಿ ಅದೇ ಪೈಪಿಗೆ 15 ಎಂದು ಬರೆದಿತ್ತು.

"ಇದು ಅರ್ಧ ಇಂಚಲ್ಲ!"

"ಅರ್ಧ ಇಂಚೇ ಸಾರ್."

"ಅಳತೆ ನೋಡಯ್ಯ, 21 ಮಿಲಿಮೀಟರ್ ಇದೆ."

"ಇರ್ಲಿ ಸಾರ್. ಅರ್ಧ ಇಂಚಂದ್ರೆ ಅಷ್ಟೇ."

ಅಂಗಡಿಯವನದೇ ಸರಿ. ಅರ್ಧ ಇಂಚು ಎನ್ನುವುದು ಹಿಂದೆ ಪೈಪಿನ ಒಳಗಿನ ಕಂಡಿಗೆ ಕೊಟ್ಟ ಹೆಸರು. ಹೊರಮೈಯ ಅಳತೆ ಎಂದೂ ಅಷ್ಟಿರಲಿಲ್ಲ. ಈಗ ಒಳಗಿನದೂ ಅಷ್ಟಿಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ. ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿ 1841ರಲ್ಲಿ ತಿರುಪಿನ ಹಲ್ಲುಗಳು ಎಲ್ಲೆಲ್ಲೂ ಒಂದೇ ಥರ ಇರಲಿ, 55 ಡಿಗ್ರಿ ಕೋನದಲ್ಲಿರಲಿ ಎಂದು ಹೇಳಿದ. ನಮ್ಮ ಮನೆಯ ಪೈಪಿನ ತುದಿಗೂ ಇಂದಿಗೂ ಆ ಹಲ್ಲೇ, ಇಂಚಿಗೆ ಹದಿನಾಲ್ಕು. 1956ರಲ್ಲಿ ನಮ್ಮ ಸರ್ಕಾರ ಮೆಟ್ರಿಕ್ ಅಳತೆಗೆ ಕಾನೂನು ಮಾಡಿತು. ಮರುವರ್ಷ ಆಣೆ ಹೋಗಿ ನಯಾಪೈಸೆ ಬಂತು, ಆಮೇಲೆ ಸೇರು ಪಾವು ಹೋಗಿ ಕಿಲೋ ಲೀಟರ್ ಬಂತು. ಬಚ್ಚಲಿನ ಗೋಡೆಯೊಳಗೆ ಮಾತ್ರ ಇಂಚು ಅಲ್ಲಾಡದೆ ಕೂತಿದೆ. ಇಷ್ಟನ್ನೂ ಇವರು ಅಲ್ಲೇ ಹೇಳಲು ಶುರುಮಾಡಿದ್ದರು. ಹಿಂದೆ ಸಿಮೆಂಟು ಮೂಟೆಗೆ ಬಂದಿದ್ದ ಮೇಸ್ತ್ರಿಯೊಬ್ಬ "ಸಾರ್, ಸ್ವಲ್ಪ ಸೈಡು" ಎಂದ.

ಕೊನೆಗೆ ಅಂಗಡಿಯವನೇ ಮುರುಕನ್ನು ಕೈಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಪ್ರಶ್ನೆಗಳನ್ನೆಲ್ಲ ಬಿಟ್ಟು ಒಂದೇ ಮಾತು ಹೇಳಿದ: "ಗೋಡೆ ಒಳಗೆ ಮುರಿದು ಕೂತಿದೆ. ನಲ್ಲಿ ಆಮೇಲೆ ತಗೊಳ್ಳಿ. ಮೊದಲು ಪ್ಲಂಬರ್ ಕರೀರಿ."

ವಾಷರಿಗೆಂದು ಹೋದವರು ವಾಷರ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತಂದೆವು. ಒಂದು ದೊಡ್ಡ ಪೈಪ್ ರೆಂಚು. ಟೆಫ್ಲಾನ್ ಟೇಪಿನ ಸುರುಳಿಗಳು. "ಮನೆಯಲ್ಲಿ ಇರಲಿ" ಎಂದು ಒಂದು ಹ್ಯಾಕ್‌ಸಾ. ರೆಂಚಿನ ಬೆಲೆ ಇಲ್ಲಿ ಬರೆಯುವುದಿಲ್ಲ. ಅತ್ತೆಯವರೂ ಪತ್ರಿಕೆ ಓದುತ್ತಾರೆ.

ಪ್ಲಂಬರ್ ಸಿಗುವುದು ಎಂಬುದೇ ಬೇರೆ ಹರಟೆಯ ವಿಷಯ. "ಅಲ್ಲೇ ಬರ್ತಾ ಇದೀನಿ ಮೇಡಂ" ಎಂದು ಫೋನಿನಲ್ಲಿ ಹೇಳುವಾಗ ಅವನು ಯಾವ ದಿಕ್ಕಿನಲ್ಲಿ ಹೋಗುತ್ತಿರುತ್ತಾನೋ ಬಲ್ಲವರಿಲ್ಲ. ಅಂತೂ ಬಂದ. ಗೋಡೆಯ ತೂತಿಗೆ ಮೊಬೈಲಿನ ಬೆಳಕು ಬಿಟ್ಟು ನೋಡಿ, ಈ ಕಸುಬಿನವರೆಲ್ಲರ ಮಂಗಳಾಚರಣೆಯಾದ ಆ ಪ್ರಶ್ನೆಯನ್ನು ಕೇಳಿದ.

"ಯಾರ್ ಸಾರ್ ಈ ಕೆಲಸ ಮಾಡಿದ್ದು?"

ಪ್ಲಂಬರ್, ಎಲೆಕ್ಟ್ರಿಷಿಯನ್, ದರ್ಜಿ, ಹಲ್ಲಿನ ಡಾಕ್ಟರು, ಯಾರೇ ಬರಲಿ, ಹಿಂದೆ ಮಾಡಿದವನನ್ನು ಒಮ್ಮೆ ಬೈಯದೆ ಕೈ ಹಚ್ಚುವುದಿಲ್ಲ. ಇವರು ಗಂಟಲು ಸರಿಮಾಡಿಕೊಂಡು, "ಹಳೇ ಪೈಪು ನೋಡಿ, ತಾನಾಗೇ ಮುರೀತು" ಎಂದರು. ಅತ್ತೆಯವರು ಅಡುಗೆಮನೆಯಿಂದ, "ಅವನೇ ಕಣಪ್ಪ ಮುರಿದದ್ದು" ಎಂದರು.

ಆ ಹುಡುಗನ ಕೈಕೆಲಸ ಮಾತ್ರ ನೋಡುವಂತಿತ್ತು. ಗೋಡೆ ಒಡೆಯುತ್ತಾನೆಂದು ನಾನು ಜೀವ ಹಿಡಿದು ನಿಂತಿದ್ದೆ. ಅವನು ಹ್ಯಾಕ್‌ಸಾ ಚೌಕಟ್ಟನ್ನು ಬದಿಗಿಟ್ಟು ಬರಿಯ ಬ್ಲೇಡನ್ನು ಬಟ್ಟೆ ಸುತ್ತಿ ಹಿಡಿದ. ಎಲ್ಬೋದೊಳಗೆ ಸಿಕ್ಕ ಮುರುಕಿನ ಒಳಮೈಗೆ ಎರಡು ಕಡೆ ಉದ್ದಕ್ಕೆ ಗೀರು ಕೊಯ್ದ, ಎಲ್ಬೋದ ಹಲ್ಲಿಗೆ ತಾಗದಷ್ಟೇ ಆಳಕ್ಕೆ. ಆಮೇಲೆ ಸಣ್ಣ ಚಾಣದಿಂದ ಗೀರಿನ ಅಂಚಿಗೆ ನಾಜೂಕಾಗಿ ಒಂದು ಏಟು, ಇನ್ನೊಂದು ಏಟು. ಮುರುಕು ಒಳಕ್ಕೆ ಮಡಚಿಕೊಂಡು, ಸುಲಿದ ಸಿಪ್ಪೆಯಾಗಿ ಈಚೆ ಬಂತು. ಎಲ್ಬೋದ ಹಲ್ಲು ಹಾಗೇ ಇತ್ತು. ಇವರು ಬಾಗಿಲಲ್ಲಿ ನಿಂತು ಬಾಯಿ ತೆರೆದು ನೋಡುತ್ತಿದ್ದರು. ಕೆಲ್ವಿನ್, ವಿಟ್‌ವರ್ತ್ ಯಾರ ಹೆಸರೂ ಹೊರಗೆ ಬರಲಿಲ್ಲ. ಈ ಮನೆಯಲ್ಲಿ ಅಷ್ಟು ಹೊತ್ತು ವಿವರಣೆಯಿಲ್ಲದೆ ಒಂದು ಕೆಲಸ ನಡೆದದ್ದು ಅದೇ ಮೊದಲಿರಬೇಕು.

ಟೇಪು ಸುತ್ತುವ ಕೆಲಸವನ್ನಾದರೂ ತಾವು ಮಾಡುವುದಾಗಿ ಇವರು ಕೇಳಿ ಪಡೆದರು. ಸುತ್ತಿದರು. ಹುಡುಗ ನೋಡಿ, ಏನೂ ಮಾತಾಡದೆ ಎಲ್ಲವನ್ನೂ ಬಿಚ್ಚಿ, ಇನ್ನೊಂದು ದಿಕ್ಕಿಗೆ ಸುತ್ತಿದ. ತಿರುಪಿನ ತುದಿ ನಮ್ಮ ಕಡೆಗಿದ್ದಾಗ ಟೇಪಿನ ಸುತ್ತು ಗಡಿಯಾರದ ಮುಳ್ಳಿನ ದಿಕ್ಕಿಗೇ ಇದ್ದರೆ ಬಿಗಿಯಾಗುತ್ತದೆ. ತಿರುಗುಮುರುಗಾದರೆ ಹಾಕುವಾಗಲೇ ಸುರುಳಿ ಬಿಚ್ಚಿಕೊಂಡು ಉಂಡೆಗಟ್ಟುತ್ತದೆ. ಹಿಂದಿನವರು ಟೇಪಿಲ್ಲದ ಕಾಲಕ್ಕೆ ದಾರ ಸುತ್ತಿ ಬಣ್ಣ ಮೆತ್ತುತ್ತಿದ್ದರಂತೆ, ಅವರೂ ಈ ದಿಕ್ಕನ್ನೇ ಹಿಡಿಯುತ್ತಿದ್ದರಂತೆ. ಇದನ್ನು ಹುಡುಗ ಹೇಳಿದ, ಇವರು ಕೇಳಿಸಿಕೊಂಡರು.

ಮಹಡಿಯ ಕೆಟ್ಟ ವಾಲ್ವನ್ನೂ ಬದಲಾಯಿಸಿ, ಪ್ರತಿಯೊಂದರ ಮೇಲೂ ಪೇಂಟಿನಲ್ಲಿ 'ಬಚ್ಚಲು', 'ಅಡಿಗೆ', 'ಬಾಡಿಗೆ' ಎಂದು ಬರೆಸಿದೆ. ಅತ್ತೆಯವರ ಆಜ್ಞೆ.

ಹೊಸ ನಲ್ಲಿ ಕಾಲು ಸುತ್ತಿನದು. ಒಳಗೆ ರಬ್ಬರ್ ಬಿಲ್ಲೆಯೂ ಇಲ್ಲ, ತಿರುಪಿನ ಕಂಬವೂ ಇಲ್ಲ. ನುಣುಪಾದ ಎರಡು ಪಿಂಗಾಣಿ ಬಿಲ್ಲೆಗಳು ಒಂದರ ಮೇಲೊಂದು ಜಾರಿ ತೂತಿಗೆ ತೂತು ಕೂಡಿದರೆ ನೀರು, ತಪ್ಪಿದರೆ ಇಲ್ಲ. ಎಷ್ಟು ಬಿಗಿದರೂ ಹೆಚ್ಚು ಪ್ರಯೋಜನವಿಲ್ಲ. ಅತ್ತೆಯವರಿಗೆ ಅದರಿಂದ ಸಮಾಧಾನವಿಲ್ಲ. "ಇಷ್ಟೇ ತಿರುಗಿಸಿದರೆ ನಿಂತಿತು ಅಂತ ಹೇಗೆ ನಂಬೋದು?" ಎಂದು ಒಂದು ಕೈಯಲ್ಲಿ ನಲ್ಲಿಯ ಕಿವಿ ಹಿಡಿದು, ಇನ್ನೊಂದು ಕೈಯನ್ನು ಮೂತಿಯ ಕೆಳಗಿಟ್ಟು ನೋಡುತ್ತಾರೆ. ಈ ಬಿಲ್ಲೆ ಕೆಟ್ಟರೆ ಒಳಗಿನ ಕಾರ್ಟ್ರಿಜ್ಜನ್ನೇ ಬದಲಾಯಿಸಬೇಕು. ಒಬ್ಬರ ನಲ್ಲಿಗೆ ಇನ್ನೊಬ್ಬರದು ಕೂರುವುದಿಲ್ಲ. ಕೆಲವಕ್ಕೆ ಹಿಡಿ ಕೂರುವ ಹಲ್ಲು ಇಪ್ಪತ್ತು, ಕೆಲವಕ್ಕೆ ಇಪ್ಪತ್ನಾಲ್ಕು. ವಿಟ್‌ವರ್ತ್ ಈಗ ಇದ್ದಿದ್ದರೆ ಏನೆನ್ನುತ್ತಿದ್ದನೋ.

ಬಿರುಕು ಬಿಟ್ಟ ಟೈಲಿನ ಜಾಗಕ್ಕೆ ಇವರು ಬಿಳಿ ಸಿಮೆಂಟು ಮೆತ್ತಿ, ಮೇಲೆ ಹೂವಿನ ಸ್ಟಿಕ್ಕರ್ ಅಂಟಿಸಿದ್ದಾರೆ. ಬಂದವರೆಲ್ಲ ಮೊದಲು ನೋಡುವುದು ಅದನ್ನೇ.

ಇಲ್ಲಿಗೂ ಮುಗಿಯಲಿಲ್ಲ. ರೆಂಚು ಇದೆಯಲ್ಲ! ದುಡ್ಡು ಕೊಟ್ಟು ತಂದ ರೆಂಚು ಗೋಡೆಯ ಮೊಳೆಗೆ ನೇತಾಡಿಕೊಂಡು ಇವರನ್ನು ಕರೆಯುತ್ತಲೇ ಇರುತ್ತದೆ. ಮೊನ್ನೆ ರಾಯರ ಮನೆಯಾಕೆ ಕಾಂಪೌಂಡಿನ ಆಚೆಯಿಂದ, "ನಿಮ್ಮ ಯಜಮಾನ್ರು ನಲ್ಲಿ ಕೆಲಸ ಎಲ್ಲ ಚೆನ್ನಾಗಿ ತಿಳ್ಕೊಂಡಿದ್ದಾರಂತಲ್ಲ, ನಮ್ಮ ಅಡುಗೆಮನೇದೂ ಒಂದು ತೊಟ್ಟಿಕ್ತಿದೆ" ಎಂದರು. ನಾನು ಬಾಯಿ ತೆರೆಯುವುದರೊಳಗೆ ಇವರು ರೆಂಚಿನೊಂದಿಗೆ ಅವರ ಗೇಟು ದಾಟಿದ್ದರು.

ನಾನು ತಡಮಾಡದೆ ಪ್ಲಂಬರ್ ಹುಡುಗನಿಗೆ ಫೋನು ಹಚ್ಚಿದೆ. "ಸ್ವಲ್ಪ ಬೇಗ ಬಾಪ್ಪ, ಪಕ್ಕದ ಮನೆಯಲ್ಲಿ ನಲ್ಲಿ ಸೋರ್ತಿದೆ."

"ಸಾರ್ ಕೈ ಹಾಕಿದ್ದಾರಾ ಮೇಡಂ?"

"ಈಗ ತಾನೆ ಹೋದರು."

ಆ ಕಡೆ ಸ್ವಲ್ಪ ಹೊತ್ತು ಲೆಕ್ಕಾಚಾರ. "ಹಾಗಾದ್ರೆ ಸಂಜೆ ಬರ್ತೀನಿ ಮೇಡಂ. ಸಾರ್ ಪೂರ್ತಿ ಬಿಚ್ಲಿ. ಬಿಚ್ಚೋಕ್ ಮುಂಚಿನ ರೇಟು ಬೇರೆ, ಬಿಚ್ಚಿದ ಮೇಲಿನ ರೇಟು ಬೇರೆ."